ಆಷಾಢದಲ್ಲಿ ಮಾತ್ರ ಉಚಿತ

ಜಂಪಣ್ಣನ ವಿಷಯ ಹೇಳಬೇಕಾದರೆ ಮೊದಲು ನಮ್ಮ ಅಧ್ಯಕ್ಷರ ಭಾಷಣದ ವಿಷಯ ಹೇಳಬೇಕು. ಆ ಭಾಷಣವನ್ನು ಮೊದಲಿಂದ ಕೊನೆಯವರೆಗೆ ಕೇಳಿದವನು ಇಡೀ ಹೊಳಲ್ಕೆರೆಯಲ್ಲಿ ಅವನೊಬ್ಬನೇ. ನಾನು ಸಮಿತಿಯ ಕಾರ್ಯದರ್ಶಿ, ವೇದಿಕೆಯ ಮೇಲೆಯೇ ಕೂರುತ್ತಿದ್ದವನು. ಆದರೂ ಕೇಳಿದ್ದೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಮೇಷ್ಟ್ರುಗಳಿಗೆ ಬರುತ್ತದೆ, ನನಗೂ ಬರುತ್ತಿತ್ತು.

ಸಮಿತಿ ಎಂದರೆ ಬಕ್ಷಿ ಮನೆ ಮತ್ತು ತೋಟದ ಸಾರ್ವಜನಿಕ ಸಮಿತಿ. ಬಕ್ಷಿ ಮನೆ ನಮ್ಮ ಊರಿನ ಹಳೆಯ ಮನೆ. ಹದಿನಾರು ಮರದ ಕಂಬಗಳ ಪಡಸಾಲೆ, ಗಾರೆ ನೆಲ, ಹಿಂದೆ ಒಂದೂವರೆ ಎಕರೆ ತೋಟ, ತೋಟದಲ್ಲಿ ಕಲ್ಲು ಕಟ್ಟಿದ ಬಾವಿ. ಬಕ್ಷಿ ಎಂಬ ಯಾವ ಅಧಿಕಾರಿ ಕಟ್ಟಿಸಿದ್ದು, ಯಾವ ಕಾಲದಲ್ಲಿ ಎಂಬುದು ಆಯಾ ದಿನದ ಮುಖ್ಯ ಅತಿಥಿಗಳನ್ನು ಅವಲಂಬಿಸಿತ್ತು. ಚಿತ್ರದುರ್ಗದಿಂದ ಬಂದವರು ನಾಯಕರ ಕಾಲದ್ದು ಎನ್ನುತ್ತಿದ್ದರು, ಮೈಸೂರಿನಿಂದ ಬಂದವರು ಮಹಾರಾಜರ ಕಾಲದ್ದು ಎನ್ನುತ್ತಿದ್ದರು. ನಾವು ಇಬ್ಬರಿಗೂ ಚಪ್ಪಾಳೆ ತಟ್ಟಿ ಕಳಿಸುತ್ತಿದ್ದೆವು. ವಂಶದವರು ಊರು ಬಿಟ್ಟು ಹೋಗುವಾಗ ಮನೆಯನ್ನು ಊರಿಗೆ ಬಿಟ್ಟುಕೊಟ್ಟಿದ್ದರು. ಊರು ಅದನ್ನು ಸಮಿತಿಗೆ ಬಿಟ್ಟಿತು, ಸಮಿತಿ ಜಂಪಣ್ಣನಿಗೆ ಬಿಟ್ಟಿತು.

ಜಂಪಣ್ಣ ತುರುವನೂರಿನ ಕಡೆಯವನು. ಮಾಲಿ ಕೆಲಸಕ್ಕೆಂದು ಬಂದವನು ಕಾವಲುಗಾರನೂ ಆದ, ಕಸ ಗುಡಿಸುವವನೂ ಆದ, ಮೈಕಿನವನು ಬಾರದ ದಿನ ಮೈಕಿನವನೂ ಆದ. ಸಂಬಳ ಮಾತ್ರ ಮಾಲಿಯದೇ ಉಳಿಯಿತು. ತೋಟದ ಮೂಲೆಯ ಒಂಟಿ ಕೋಣೆಯಲ್ಲಿ ಹೆಂಡತಿ ಕೆಂಚಕ್ಕ, ಮಗಳು ಚಂದ್ರಿಯ ಜೊತೆ ವಾಸ. ಸಣಕಲು ಆಳು, ಮಾತು ಕಡಿಮೆ. ಯಾರಾದರೂ ಹೂವು ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲ. "ನಾಳೆ ಬರ್ರಿ, ಇವತ್ತು ಮೊಗ್ಗು ಅವೆ" ಎನ್ನುತ್ತಿದ್ದ. ಆ ನಾಳೆ ಯಾರಿಗೂ ಬಂದದ್ದು ನಾನು ಕಾಣೆ.

ನಮ್ಮ ಅಧ್ಯಕ್ಷರು ಶೇಂಗಾ ಮಂಡಿಯ ಮುರುಗೇಶಪ್ಪನವರು. ಬಸವ ಜಯಂತಿ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಹಿಳಾ ಸಮಾಜದ ರಂಗೋಲಿ ಸ್ಪರ್ಧೆ, ಫಲಪುಷ್ಪ ಪ್ರದರ್ಶನ, ಎಲ್ಲಕ್ಕೂ ತೋಟದ ವೇದಿಕೆಯಲ್ಲಿ ಅವರದೇ ಅಧ್ಯಕ್ಷ ಭಾಷಣ. ಸಂದರ್ಭ ಯಾವುದಾದರೂ ಭಾಷಣ ಒಂದೇ. ಮೂಢನಂಬಿಕೆ ಬಿಡಿ, ಪಂಚಾಂಗ ಸುಡಿ, ಶರಣರ ಹಾದಿ ಹಿಡಿಯಿರಿ ಎಂಬುದು ಅದರ ಸಾರ. ಎಪ್ಪತ್ತಮೂರರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಮೂರು ದಿನ ಕಾರ್ಯಕ್ರಮ ನಡೆಯಿತು. ಮೂರು ದಿನವೂ ಪಂಚಾಂಗವನ್ನು ಸುಡಲು ಹೇಳಿದರು. ಆದರೆ ಅವರ ಮಂಡಿಯಲ್ಲಿ ರಾಹುಕಾಲದಲ್ಲಿ ತಕ್ಕಡಿ ಎತ್ತುತ್ತಿರಲಿಲ್ಲ. ರೈತರು ಗಾಡಿ ನಿಲ್ಲಿಸಿಕೊಂಡು ಬೀಡಿ ಸೇದುತ್ತ ರಾಹು ಹೋಗುವುದನ್ನು ಕಾಯುತ್ತಿದ್ದರು. ನಾವ್ಯಾರೂ ಇದನ್ನು ತಪ್ಪೆಂದು ತಿಳಿದಿರಲಿಲ್ಲ. ಭಾಷಣ ತೋಟದ್ದು, ತಕ್ಕಡಿ ಮಂಡಿಯದು.

ಜಂಪಣ್ಣನಿಗೆ ಈ ಭಾಷಣದಿಂದ ಒಂದು ಉಪಯೋಗವಿತ್ತು. ಅಧ್ಯಕ್ಷರು "ಪೂಜ್ಯರೇ, ಮಾನ್ಯರೇ" ಎಂದ ಕೂಡಲೇ ಅವನು ವೇದಿಕೆಯ ಹಿಂದೆ ಕಲ್ಲುತೊಟ್ಟಿಯ ಬಿರಡೆ ತೆಗೆಯುತ್ತಿದ್ದ. ಪಂಚಾಂಗ ಸುಡುವ ಹೊತ್ತಿಗೆ ಮಲ್ಲಿಗೆ ಪಾತಿಗಳು ತುಂಬುತ್ತಿದ್ದವು, ಶರಣರ ಹಾದಿಗೆ ಬರುವಷ್ಟರಲ್ಲಿ ನೀರು ಸೇವಂತಿಗೆಗೆ ತಿರುಗಿರುತ್ತಿತ್ತು, "ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು" ಎನ್ನುವಾಗ ಕೊನೆಯ ಕನಕಾಂಬರದ ಪಾತಿ. ನೀರು ಹಾಯಿಸಲು ಭಾಷಣ ಬೇಕು, ಭಾಷಣದ ಯಾವ ಸಾಲಿನಲ್ಲಿದ್ದಾರೆಂದು ಕಿವಿಗೊಡಲೇಬೇಕು. ಹೀಗೆ ಹದಿಮೂರು ವರ್ಷ ಕಿವಿಗೊಟ್ಟು ಆ ಭಾಷಣ ಅವನಿಗೆ ಬಾಯಿಪಾಠವಾಗಿತ್ತು.

ಸಭೆಗಳಿಲ್ಲದಾಗ ಪಡಸಾಲೆಯನ್ನು ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದೆವು. ಮಾವಿನ ತೋರಣ ಕಟ್ಟುವವಳು, ಬಾಗಿಲಿಗೆ ರಂಗೋಲಿ ಬಿಡುವವಳು, ಎಲ್ಲ ಮುಗಿದ ಮೇಲೆ ಗಾರೆ ನೆಲದ ಅರಿಸಿನ ಉಜ್ಜುವವಳು ಕೆಂಚಕ್ಕ. ಅವಳ ರಂಗೋಲಿಯ ಕೈ ಎಂಥದ್ದೆಂದರೆ, ಮಹಿಳಾ ಸಮಾಜದ ಸ್ಪರ್ಧೆಯ ದಿನ ಅಂಗಳದಲ್ಲಿ ಅವಳು ಬೆಳಿಗ್ಗೆ ಬಿಟ್ಟದ್ದನ್ನು ಮೊದಲು ಅಳಿಸಿ, ಆಮೇಲೆ ಸ್ಪರ್ಧೆ ಶುರುಮಾಡಬೇಕಾಗುತ್ತಿತ್ತು. ಅಳಿಸದಿದ್ದರೆ ಬಹುಮಾನ ಕೊಡುವವರಿಗೇ ಮುಜುಗರ. ಒಂದು ದಿನ ನೆಲ ಉಜ್ಜುತ್ತ ಅವಳು ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. "ಎಷ್ಟ್ ಜನದ ಮಕ್ಕಳ ಧಾರೆಗೆ ಈ ನೆಲ ತೊಳ್ದೆ ನಾನು. ನಮ್ ಚಂದ್ರಿ ಧಾರೆನೂ ಇಲ್ಲೇ ಆಗ್ಬೇಕು ನೋಡು." ಜಂಪಣ್ಣ ಹೂಂ ಎಂದ. ಎಪ್ಪತ್ತೊಂದರಲ್ಲಿ ಅವಳು ಮೂರು ದಿನದ ಜ್ವರದಲ್ಲಿ ತೀರಿಹೋದಳು. ಆ ಹೂಂ ಅವನ ಕೊರಳಿಗೆ ಉಳಿಯಿತು.

ಮಗಳನ್ನು ಅವನೇ ಬೆಳೆಸಿದ. ಚಂದ್ರಿಗೆ ಹತ್ತೊಂಬತ್ತಾದಾಗ, ಎಪ್ಪತ್ನಾಲ್ಕರ ಯುಗಾದಿಯ ಹೊತ್ತಿಗೆ, ಮಾಡದಕೆರೆಯ ಸಂಬಂಧ ಕೂಡಿಬಂತು. ಹುಡುಗ ಓಬಳೇಶ ಹೊಸದುರ್ಗದಲ್ಲಿ ಸೈಕಲ್ ಶಾಪಿನಲ್ಲಿದ್ದ. ತಂದೆ ಇಲ್ಲ, ತಾಯಿ ಈರಕ್ಕ ಹೊಲ ನೋಡಿಕೊಳ್ಳುತ್ತಿದ್ದಳು. ಜಂಪಣ್ಣ ನನ್ನ ಕೈಯಲ್ಲಿ ಸಮಿತಿಗೊಂದು ಅರ್ಜಿ ಬರೆಸಿದ. ಮಗಳ ಮದುವೆಗೆ ಒಂದೇ ಒಂದು ದಿನ ಪಡಸಾಲೆ ಬಿಟ್ಟುಕೊಡಬೇಕು, ಬಾಡಿಗೆ ಕಟ್ಟುವ ಶಕ್ತಿ ಇಲ್ಲ, ಅಷ್ಟೇ.

ಸಭೆಯಲ್ಲಿ ನಾನು ಅರ್ಜಿ ಓದಿದೆ. ಎಲ್ಲರೂ ಸೂರು ನೋಡಿದರು. ಜಂಪಣ್ಣ ಒಳ್ಳೆಯವನು ಎಂದು ಒಬ್ಬರು, ಬಹಳ ಒಳ್ಳೆಯವನು ಎಂದು ಇನ್ನೊಬ್ಬರು. ಇಷ್ಟು ಒಳ್ಳೆಯವನೆಂದು ಎಲ್ಲರೂ ಒಪ್ಪಿದ ಮೇಲೆ ಅವನಿಗೆ ಏನೂ ಸಿಗುವುದಿಲ್ಲವೆಂದು ನನಗೆ ಗೊತ್ತಾಯಿತು. ಇವನಿಗೆ ಕೊಟ್ಟರೆ ನಾಳೆ ಊರೆಲ್ಲ ಕೇಳುತ್ತದೆ, ಇಲ್ಲ ಎಂದರೆ ಶರಣರ ಹೆಸರು ಹೇಳುವ ಸಮಿತಿ ಬಡವನನ್ನು ಅಟ್ಟಿತು ಎನ್ನುತ್ತಾರೆ. ಆಗ ಮುರುಗೇಶಪ್ಪನವರ ಮುಖ ಅರಳಿತು. "ಮೇಷ್ಟ್ರೇ, ಬರ್ಕಳ್ರಿ" ಎಂದರು. ನಾನು ಬರೆದುಕೊಂಡೆ: "ಬಡವರ ಶುಭಕಾರ್ಯಗಳಿಗೆ ಪ್ರತಿ ವರ್ಷ ಆಷಾಢ ಮಾಸದಲ್ಲಿ ಬಕ್ಷಿ ಮನೆ ಮತ್ತು ತೋಟವನ್ನು ಸಂಪೂರ್ಣ ಉಚಿತವಾಗಿ ನೀಡತಕ್ಕದ್ದು." ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಗೃಹಪ್ರವೇಶ ಮಾಡುವುದಿಲ್ಲ, ಮಗಳನ್ನು ನೋಡಲು ಕೂಡ ಯಾರನ್ನೂ ಕರೆಯುವುದಿಲ್ಲ. ಆ ತಿಂಗಳು ಪಡಸಾಲೆಯಲ್ಲಿ ಇಲಿಗಳಷ್ಟೇ ಇರುತ್ತಿದ್ದವು. ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು. ಎಲ್ಲರಿಗೂ ತಮ್ಮ ಔದಾರ್ಯ ನೋಡಿ ಕಣ್ಣು ತುಂಬಿತು. ಖಾರಮಂಡಕ್ಕಿ ತಿಂದು, ಚಹಾ ಕುಡಿದು ಎದ್ದೆವು. ನಾನೂ ತಿಂದೆ, ಮೆಣಸಿನಕಾಯಿ ಬೋಂಡ ಎರಡು ಹೆಚ್ಚಾಗಿಯೇ ತಿಂದೆ.

ಕೆಲವು ದಿನ ಕಳೆದು ಬಸವ ಜಯಂತಿಯ ಭಾಷಣವೂ ಆಯಿತು. ಮಾರನೆಯ ಬೆಳಿಗ್ಗೆ ಜಂಪಣ್ಣ ನನ್ನ ಶಾಲೆಯ ಬಾಗಿಲಲ್ಲಿ ನಿಂತಿದ್ದ. ತಲೆಗೆ ಹೊಸ ಟವೆಲ್ಲು ಸುತ್ತಿದ್ದ.

"ಜೂನ್ ಮೂವತ್ತು ಭಾನುವಾರ ಬರ್ಕಳ್ರಿ ಮೇಷ್ಟ್ರೇ. ಚಂದ್ರಿ ಮದ್ವೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಬೆಚ್ಚಿದೆ. "ಲೇ ಜಂಪಣ್ಣ, ಅದು ಆಷಾಢ ಕಣೋ!"

"ಹೂಂ ಮತ್ತೆ. ನೀವೇ ಬರ್ದೀರಲ್ರಿ ಆಷಾಢದಾಗೆ ಕೊಡ್ತೀವಿ ಅಂತ."

"ಆಷಾಢದಾಗೆ ಯಾರಾದ್ರೂ ಮದ್ವೆ ಮಾಡ್ತಾರೇನೋ?"

ಅವನು ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಮುರುಗೇಶಪ್ಪನವರು ಕನ್ನಡಕ ಸರಿಮಾಡಿಕೊಳ್ಳುವ ಹಾಗೆ ಮೂಗು ಒರೆಸಿಕೊಂಡು, ಅವರದೇ ದನಿಯಲ್ಲಿ ಹೇಳಿದ: "ಬಂಧುಗಳೇ, ಪಂಚಾಂಗ ಎಂಬುದು ಬಡವನ ಕೊರಳಿಗೆ ಕಟ್ಟಿದ ಗುಂಡುಕಲ್ಲು! ಸೂರ್ಯ ಆಷಾಢದಲ್ಲಿ ರಜೆ ಹಾಕುತ್ತಾನೆಯೇ? ಗಾಳಿ ನಿಲ್ಲುತ್ತದೆಯೇ? ಶುಭಕಾರ್ಯಕ್ಕೆ ಮನಸ್ಸು ಶುದ್ಧವಿದ್ದರೆ ಸಾಕು!" ಅಧ್ಯಕ್ಷರು ಮೇಜು ಗುದ್ದುವ ಜಾಗದಲ್ಲಿ ನನ್ನ ಮೇಜನ್ನೂ ಗುದ್ದಿದ. ನಾಲ್ಕನೇ ತರಗತಿಯ ಮಕ್ಕಳು ಚಪ್ಪಾಳೆ ತಟ್ಟಿದರು.

ಅವನು ಅಣಕ ಮಾಡುತ್ತಿದ್ದಾನೆಂದು ಮೊದಲು ಅಂದುಕೊಂಡೆ. ಇಲ್ಲ, ಅವನು ನಂಬಿದ್ದ. ಅಷ್ಟು ದೊಡ್ಡ ಮನುಷ್ಯರು ಅಷ್ಟು ಜನರ ಎದುರು ಹದಿಮೂರು ವರ್ಷ ಸುಳ್ಳು ಹೇಳುವುದುಂಟೇ ಎಂಬುದು ಅವನ ತಿಳುವಳಿಕೆ. ನನಗೆ ನಾಚಿಕೆಯಾಯಿತು. ದಿನಾಂಕ ಬರೆದುಕೊಂಡೆ.

ಮಂಡಿಗೆ ಹೋಗಿ ಹೇಳಿದಾಗ ಮುರುಗೇಶಪ್ಪನವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಕಲ್ಲಾದರು. "ಅಯ್ಯೋ ಮೇಷ್ಟ್ರೇ, ಅದು ಭಾಷಣ ಕಣ್ರೀ!" ಎಂದರು. ನಾನೂ ಅದನ್ನೇ ಅಂದುಕೊಂಡಿದ್ದೆ ಎಂದೆ. ಆ ಸಂಜೆಯೇ ಅವರು ತೋಟಕ್ಕೆ ಬಂದು ಜಂಪಣ್ಣನಿಗೆ ಬುದ್ಧಿ ಹೇಳಿದರು. "ನೋಡಪ್ಪ, ನಿಂಗ್ ಒಬ್ಳೇ ಮಗಳು. ನಾಳೆ ಹೆಚ್ಚುಕಮ್ಮಿ ಆದ್ರೆ ಊರು ನಮ್ಮನ್ನ ಅಂತೈತೆ. ಮುಂದಿನ ವರ್ಷ ಏನಾದ್ರೂ ನೋಡಾಣ."

ಜಂಪಣ್ಣ ಕೈಮುಗಿದ. "ಬ್ಯಾಡ್ರಿ ಯಜಮಾನ್ರೇ. ನಾನ್ ಈಗ ಹಿಂದೆ ಸರಿದ್ರೆ ನಿಮ್ ಮಾತು ಸುಳ್ಳಾಗ್ತೈತೆ. ನನ್ನಿಂದ ನಿಮಗೆ ಆ ಕೆಟ್ಟ ಹೆಸರು ಬರಬಾರ್ದು. ನೀವೇ ಬಂದು ಅಕ್ಷತೆ ಹಾಕ್ಬೇಕು, ನಾಕು ಮಾತಾಡ್ಬೇಕು."

ಮುರುಗೇಶಪ್ಪನವರು ಸೇವಂತಿಗೆ ಗಿಡಗಳನ್ನು ಹೊಗಳಿ ಮನೆಗೆ ಹೋದರು. ಬೀಗತಿ ಒಪ್ಪಲಾರಳು, ಅಲ್ಲಿಗೆ ತಾನಾಗಿಯೇ ನಿಲ್ಲುತ್ತದೆ ಎಂಬುದು ಅವರಿಗೆ ಉಳಿದ ಆಸೆ. ಈರಕ್ಕ ಒಪ್ಪಿದಳು. ಅವಳ ಓರಗಿತ್ತಿಯ ಮಗನ ಮದುವೆ ಹೊಲದ ಬದುವಿನ ಮೇಲೆ ತೆಂಗಿನ ಗರಿಯ ಚಪ್ಪರದಲ್ಲಿ ಆಗಿತ್ತು. ತನ್ನ ಮಗನದು ಹದಿನಾರು ಕಂಬದ ಬಕ್ಷಿ ಮನೆಯಲ್ಲಿ ಆಗುವುದಾದರೆ ಓರಗಿತ್ತಿಯ ಮುಖ ನೋಡಲು ಅವಳು ಯಾವ ಮಾಸಕ್ಕೂ ತಯಾರಿದ್ದಳು. "ಮದ್ವೆ ತಾನೆ, ಆಗ್ಲಿ ಬಿಡ್ರಿ" ಎಂದಳಂತೆ. ಆ "ತಾನೆ"ಯ ತೂಕ ಆಗ ನಮಗ್ಯಾರಿಗೂ ತಿಳಿಯಲಿಲ್ಲ.

ಪುರೋಹಿತರು ಆಷಾಢದಲ್ಲಿ ಒಲ್ಲೆ ಎಂದುಬಿಟ್ಟರು. ಜಂಪಣ್ಣ ತನ್ನ ಕುಲದ ಪೂಜಾರಿ ಕಾಟಯ್ಯನನ್ನು ತುರುವನೂರಿನಿಂದ ಕರೆಸಿದ. "ಈ ತಿಂಗಳು ನಂಗೂ ಕೆಲ್ಸ ಇಲ್ಲ, ಬಂದೆ" ಎಂದು ಕಾಟಯ್ಯ ಹಿಂದಿನ ದಿನವೇ ಬಂದಿಳಿದ.

ಮದುವೆ ಚೆನ್ನಾಗಿಯೇ ಆಯಿತು. ಆಷಾಢದ ಗಾಳಿ ತೋರಣ ಹರಿಯಿತು, ಜಂಪಣ್ಣ ಮತ್ತೆ ಕಟ್ಟಿದ. ಸಕ್ಕರೆ ಸಿಕ್ಕಿರಲಿಲ್ಲ, ಬೆಲ್ಲದ ಪಾಯಸ. ಕರೆಯದಿದ್ದವರೂ ಬಂದರು. ಆಷಾಢದ ಮದುವೆ ಹೇಗಿರುತ್ತದೆಂದು ನೋಡುವ ಆಸೆ ಅವರಿಗೆ. ಚಂದ್ರಿ ಪಡಸಾಲೆಯ ನಡುವೆ, ತಾಯಿ ಉಜ್ಜಿದ್ದ ನೆಲದ ಮೇಲೆ ಹಸೆಮಣೆಯಲ್ಲಿ ಕುಳಿತಳು. ಕೆಂಚಕ್ಕನ ಜಾಗದಲ್ಲಿ ಅವಳ ಹಸಿರು ಸೀರೆಯನ್ನು ಮಡಿಸಿ ಮಣೆಯ ಮೇಲಿಟ್ಟಿದ್ದರು. ಧಾರೆ ಎರೆಯುವಾಗ ಜಂಪಣ್ಣ ಚೆಂಬನ್ನು ಕೊಂಚ ಹೆಚ್ಚೇ ಬಗ್ಗಿಸಿದ, ಹಾಲು ಆ ಸೀರೆಯ ಮೇಲೂ ಬಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಅತ್ತೆ. ನಾನು ಬರೆದ ಆ ಠರಾವಿನ ಪಾಪ ಅರ್ಧವಾದರೂ ತೊಳೆಯಲಿ ಎಂದು ಅತ್ತೆನೋ ಏನೋ.

ಮುರುಗೇಶಪ್ಪನವರು ಬಂದರು. ಮನೆಯಲ್ಲಿ ಹೆಂಡತಿ ಅಡ್ಡ ನಿಂತಿದ್ದರಂತೆ. ಆಷಾಢದಲ್ಲಿ ಹೊಸ ಪೊರಕೆಯನ್ನೂ ಒಳಗೆ ತರದ ಮನೆ ಅದು. ಆದರೆ ಊರೆಲ್ಲ ನೋಡುತ್ತಿರುವಾಗ ಅಧ್ಯಕ್ಷರು ಮನೆಯಲ್ಲಿ ಕೂರುವಂತಿರಲಿಲ್ಲ. ಅಕ್ಷತೆ ಹಾಕಿದರು. ಎರಡು ಮಾತಾಡಲು ಎದ್ದರು. ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ನಾನು ಎಚ್ಚರವಾಗಿ ಕುಳಿತೆ. ಅವರು ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಎರಡು ನಿಮಿಷ, ಮರ ನೆಡುವುದರ ಬಗ್ಗೆ ಒಂದು ನಿಮಿಷ ಮಾತಾಡಿ ಕುಳಿತುಬಿಟ್ಟರು. ಪಂಚಾಂಗದ ಸುದ್ದಿಗೇ ಹೋಗಲಿಲ್ಲ. ಆ ಭಾಷಣ ಬೇಕಾಗಿದ್ದ ಒಂದೇ ಒಂದು ದಿನ ಅದು.

ಸಂಜೆ ನಾಲ್ಕಕ್ಕೆ ಹೊಸದುರ್ಗದ ಬಸ್ಸು. ಚಂದ್ರಿಯ ಟ್ರಂಕು ಬಾಗಿಲಿಗೆ ಬಂತು. ಜಂಪಣ್ಣ ಬಾವಿಯ ಹಿಂದೆ ಹೋಗಿ ಮುಖ ತೊಳೆದುಕೊಂಡು ಬಂದ, ಮತ್ತೆ ಹೋದ, ಮತ್ತೆ ಬಂದ. ಚಂದ್ರಿ ಎಲ್ಲರ ಕಾಲಿಗೂ ಬಿದ್ದು ಎದ್ದಳು. ಆಗ ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು:

"ಟ್ರಂಕು ಒಳಗೆ ಇಡ್ರಿ ಬೀಗ್ರೇ. ಹುಡುಗಿ ಇಲ್ಲೇ ಇರ್ಲಿ. ಶ್ರಾವಣ ಹುಟ್ಟಿದ ದಿನ ನಾನೇ ಬಂದು ಕರ್ಕಂಡು ಹೋಗ್ತೀನಿ."

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನಾನು, "ಯಾಕಮ್ಮ, ಏನಾತು?" ಎಂದೆ.

"ಏನಾತು ಅಂದ್ರೆ? ಆಷಾಢ ಅಲ್ಲೇನ್ರಿ ಮೇಷ್ಟ್ರೇ! ಆಷಾಢದಾಗೆ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರ್ದು. ಓದಿದೋರು, ನಿಮಗೆ ಅಷ್ಟೂ ಗೊತ್ತಿಲ್ವಾ?"

"ಅಲ್ಲಮ್ಮ, ಆಷಾಢದಾಗೆ ಮದ್ವೇನೇ ಮಾಡ್ಕಂಡ್ರಿ."

"ಮದ್ವೆ ಆಗಿದ್ದು ನಿಮ್ ಬಕ್ಷಿ ಮನ್ಯಾಗೆ, ನಿಮ್ ಸಮಿತಿ ಹೇಳ್ದಂಗೆ. ಹೊಸ್ತಿಲು ನಂದು."

ಮದುಮಗ ಓಬಳೇಶ ತಾಯಿಯ ಕಡೆ ನೋಡಿದ, ಚಂದ್ರಿಯ ಕಡೆ ನೋಡಿದ, ಬಸ್ಸು ಬರುವ ದಾರಿ ನೋಡಿದ. ಪಾಪ, ಅವನನ್ನು ಯಾರೂ ಕೇಳಲಿಲ್ಲ. ನಾನು ಮುರುಗೇಶಪ್ಪನವರ ಮೊಣಕೈ ತಿವಿದೆ. ಹೇಳಿ ಸ್ವಾಮಿ, ಸೂರ್ಯ ರಜೆ ಹಾಕುತ್ತಾನೆಯೇ ಎಂದು ಈಗಲಾದರೂ ಕೇಳಿ, ಎಂಬ ಅರ್ಥದಲ್ಲಿ. ಅವರು ಗಂಟಲು ಸರಿಮಾಡಿಕೊಂಡರು.

"ಆ ತಾಯಿ ಹೇಳೋದು ಸರಿ ಐತೆ. ಹಿರೇರು ಸುಮ್ನೆ ಮಾಡಿಲ್ಲ ಅದನ್ನ."

ಜಂಪಣ್ಣ ಅವರನ್ನೇ ನೋಡುತ್ತ ನಿಂತ. ಅವನು ಈಗ ಕೆರಳುತ್ತಾನೆ, ಬಾಯಿಪಾಠವಾದ ಭಾಷಣವನ್ನೆಲ್ಲ ಅವರ ಮುಖಕ್ಕೇ ಒಪ್ಪಿಸುತ್ತಾನೆ ಎಂದು ನಾನು ಕಾದೆ, ನಿಜ ಹೇಳಬೇಕೆಂದರೆ ಆಸೆಪಟ್ಟೆ. ಅವನು ಕೆರಳಲಿಲ್ಲ. ಬಾಗಿ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ತೋಟದ ಮೂಲೆಯ ಕೋಣೆಯ ಕಡೆಗೆ ಓಡಿದ. ಈರಕ್ಕ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಭಯ ಆ ಓಟದಲ್ಲಿತ್ತು. ಹಿಂದಿರುಗಿ ಬಂದಾಗ ಮುಖ ಕಣ್ಣೀರಿನಿಂದ ಒದ್ದೆ, ಆದರೆ ನಗುತ್ತಿದ್ದ. "ನಮ್ ಬೀಗತಿ ಹೇಳಿದ್ದೇ ಸರಿ. ಶಾಸ್ತ್ರ ಶಾಸ್ತ್ರನೇ ಕಣ್ರಿ" ಎಂದ. ಓಬಳೇಶ ಬಾಸಿಂಗವನ್ನು ಕೈಯಲ್ಲಿ ಹಿಡಿದುಕೊಂಡು ತಾಯಿಯ ಜೊತೆ ಬಸ್ಸು ಹತ್ತಿದ.

ಹತ್ತೊಂಬತ್ತು ದಿನ ಉಳಿದಿದ್ದವು. ಆ ದಿನಗಳಲ್ಲಿ ತೋಟದಲ್ಲಿ ಕಾರ್ಯಕ್ರಮ ಇರಲಿಲ್ಲ, ಪಡಸಾಲೆಗೆ ಬಾಡಿಗೆಯವರಿರಲಿಲ್ಲ. ನಾನು ಶಾಲೆ ಬಿಟ್ಟ ಮೇಲೆ ಆ ಕಡೆಯಿಂದ ಬರುವಾಗ ಅಪ್ಪ ಮಗಳು ಕಂಬಕ್ಕೊರಗಿ ಕುಳಿತಿರುತ್ತಿದ್ದರು. ಹದಿಮೂರು ವರ್ಷದಲ್ಲಿ ಜಂಪಣ್ಣ ಆ ಪಡಸಾಲೆಯಲ್ಲಿ ಕುಳಿತದ್ದನ್ನು ನಾನು ನೋಡಿರಲಿಲ್ಲ. ಮಗಳಿಗೆ ಒಂದು ಕೆಲಸವನ್ನೂ ಮುಟ್ಟಗೊಡುತ್ತಿರಲಿಲ್ಲ. ಅವನೇ ಮುದ್ದೆ ತೊಳಸುತ್ತಿದ್ದ, ಅವನೇ ಸೊಪ್ಪು ಸೋಸುತ್ತಿದ್ದ. ಯಾರಿಗೂ ನಾಳೆ ಎನ್ನುತ್ತಿದ್ದ ಹೂವನ್ನು ಬುಟ್ಟಿಗಟ್ಟಲೆ ಕೊಯ್ದು ಅವಳ ಮುಂದೆ ಸುರಿಯುತ್ತಿದ್ದ. ಒಂದು ಸಂಜೆ ವೇದಿಕೆಯ ಮೇಲೆ ನಿಂತು ಅವಳೊಬ್ಬಳಿಗೇ ಅಧ್ಯಕ್ಷರ ಭಾಷಣ ಮಾಡುತ್ತಿದ್ದ. ಚಂದ್ರಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಉರುಳಿದ್ದಳು. ನಾನು ಒಳಗೆ ಹೋಗದೆ ಗೇಟಿನಿಂದಲೇ ಹಿಂದಿರುಗಿದೆ.

ಆ ನಡುವೆ ಸಮಿತಿ ತುರ್ತಾಗಿ ಸೇರಿತು. ಮುಂದಿನ ಆಷಾಢಕ್ಕೆ ಆಗಲೇ ಇಬ್ಬರು ಬಡವರು ಕೇಳಿಕೊಂಡು ಬಂದಿದ್ದರು. "ಬಡವರ ಶುಭಕಾರ್ಯಗಳಿಗೆ" ಎಂದಿದ್ದಲ್ಲಿ "ವಿವಾಹವನ್ನು ಹೊರತುಪಡಿಸಿ" ಎಂದು ಸೇರಿಸಿದೆವು. ಬರೆದವನು ನಾನೇ, ಅಕ್ಷರ ಈ ಸಲವೂ ಚೆನ್ನಾಗಿ ಬಂತು.

ಆಷಾಢದ ಅಮಾವಾಸ್ಯೆಯ ಸಂಜೆ ಜಂಪಣ್ಣ ನನ್ನ ಮನೆಗೆ ಬಂದ. ಮಾರನೆಯ ದಿನ ಶ್ರಾವಣ, ಮೊದಲ ಬಸ್ಸಿಗೇ ಬರುತ್ತೇನೆಂದು ಈರಕ್ಕ ಹೇಳಿಕಳಿಸಿದ್ದಳು. ಕುಂತ್ಕಳಪ್ಪ ಎಂದರೂ ಕೂರಲಿಲ್ಲ. ಗೋಡೆಗೆ ನೇತುಹಾಕಿದ್ದ ಪಂಚಾಂಗದ ಕಡೆ ನೋಡಿದ.

"ಮೇಷ್ಟ್ರೇ, ಈ ವರ್ಷ ಅಧಿಕ ಮಾಸ ಐತಂತೆ. ಯಾವ್ದೋ ಒಂದ್ ತಿಂಗಳು ಎರಡ್ ಸಲ ಬರ್ತೈತಂತೆ. ಅದು ಆಷಾಢನಾ ನೋಡ್ರಿ."

ನನಗೆ ನೋಡುವ ಅಗತ್ಯವಿರಲಿಲ್ಲ. ಆದರೂ ಪಂಚಾಂಗ ಇಳಿಸಿ, ಕನ್ನಡಕ ಹುಡುಕಿ, ಆಷಾಢದ ಪುಟವನ್ನು ಎರಡು ಸಲ ತಿರುವಿದೆ. ಸುಳ್ಳು ಹೇಳಲು ಒಂದು ದಾರಿ ಇದ್ದಿದ್ದರೆ ಹೇಳಿಬಿಡುತ್ತಿದ್ದೆ.

"ಇಲ್ಲ ಜಂಪಣ್ಣ. ಭಾದ್ರಪದಕ್ಕೆ ಬಂದೈತೆ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಭಾದ್ರಪದದಾಗೆ ಅವಳು ಇಲ್ಲಿರಲ್ವಲ್ರಿ" ಎಂದ. "ಒಂದ್ ಇಡೀ ತಿಂಗಳು ಹಂಗೇ ದಂಡ ಆತಲ್ರಿ ಮೇಷ್ಟ್ರೇ."